ಮೂರನೆಯ ಕುರ್ಚಿಯ ಡೋಲಿನಾ

ಡೋಲಿನಾ ಮೊವಾಟ್ ನನಗೆ ಮೊದಲು ಸಿಕ್ಕಿದ್ದು ನಮ್ಮ ಪೋರ್ಟ್‌ಗಾರ್ವ್ ಊರಿನ ಸಭಾಮಂದಿರದಲ್ಲಿ, ಹಸುವಿನ ಸಿನಿಮಾ ಮೊದಲ ಸಲ ಬಂದ ದಿನ. ನಾನು ಮದುವೆಯಾಗಿ ಈ ಊರಿಗೆ ಬಂದು ತಿಂಗಳೂ ತುಂಬಿರಲಿಲ್ಲ. ನನ್ನ ಗಂಡ ಹೆಕ್ಟರ್ ಹಿಂದೆ ನಿಂತು ಸಿನಿಮಾದ ಯಂತ್ರ ಓಡಿಸುತ್ತಿದ್ದ. ಯಾರ ಪಕ್ಕ ಕೂರಬೇಕೆಂದು ತಿಳಿಯದೆ ಗೋಡೆಯ ಬದಿಯ ಬೆಂಚಿನಲ್ಲಿ ಖಾಲಿ ಕಂಡ ಕಡೆ ಕೂತೆ. ಪಕ್ಕದಲ್ಲಿದ್ದವಳು ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವಳು. ಉದ್ದ ಮುಖ, ನೆಟ್ಟಗಿನ ಬೆನ್ನು, ಕತ್ತಲಲ್ಲೂ ಕೈ ನಿಲ್ಲಿಸದೆ ಕಾಲುಚೀಲ ಹೆಣೆಯುತ್ತಿದ್ದಳು.

ಆ ಸಿನಿಮಾಕ್ಕೆ ಬೇರೇನೋ ಹೆಸರಿತ್ತು. ಪರದೆಯ ಮೇಲಿನ ಅಕ್ಷರಗಳನ್ನು ನಾನು ಕೂಡಿಸಿಕೊಳ್ಳುವಷ್ಟರಲ್ಲಿ ಅವು ಹೋಗಿಬಿಡುತ್ತಿದ್ದವು. ಊರಿನವರೆಲ್ಲ ಹಸುವಿನ ಸಿನಿಮಾ ಎಂದೇ ಅಂದರು, ನಾನೂ ಹಾಗೇ ಅಂದೆ. ಕತೆ ಇಷ್ಟು: ಒಬ್ಬ ಬಡ ವಿಧವೆಯ ಹಸು ಕಾಣೆಯಾಗುತ್ತದೆ. ಅದು ಸಿಕ್ಕುವುದು ಕೊಲ್ಲಿಯ ಆಚೆ ದಡದಲ್ಲಿ, ರಾನಲ್ಡ್ ಎಂಬ ಪೋಲಿಯ ಕೊಟ್ಟಿಗೆಯಲ್ಲಿ. ಅವನ ಮೇಲೆ ಕೇಸು. ಹಸು ತಾನಾಗಿಯೇ ಈಜಿಕೊಂಡು ಬಂತು, ಯಾರದ್ದೆಂದು ನನಗೆ ಗೊತ್ತೇ ಇಲ್ಲ, ಅಂತ ಅವನು ಪ್ರಮಾಣ ಮಾಡಿ ಹೇಳುತ್ತಾನೆ. ಹಸು ಈಜುತ್ತದೋ ಇಲ್ಲವೋ ನೋಡಲು ಇಡೀ ಕೋರ್ಟು ನಿಲುವಂಗಿ ಎತ್ತಿಕೊಂಡು ಸಮುದ್ರದ ದಡಕ್ಕೆ ಹೋಗುತ್ತದೆ. ಆ ಹೊತ್ತಿಗೆ ಸಭಾಮಂದಿರದಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು.

ಆಮೇಲೆ ಜ್ಯೂರಿಯ ಪಂಚರು ಸಾಲಾಗಿ ಬಂದು ಕೂತರು. ನಗು ತಟಕ್ಕನೆ ನಿಂತಿತು.

“ಹನ್ನೆರಡೇ ಜನ ಕಣ್ರೋ,” ಎಂದಿತು ಹಿಂದಿನ ಬೆಂಚಿನಿಂದ ಒಂದು ಗಂಟಲು.

ನಮ್ಮ ಸ್ಕಾಟ್ಲೆಂಡಿನ ಜ್ಯೂರಿಗೆ ಹದಿನೈದು ಜನ. ಸಿನಿಮಾ ಮಾಡಿದವರು ಲಂಡನ್ನಿನವರು. ಅವರ ಸೀಮೆಯ ಲೆಕ್ಕಕ್ಕೆ ಹನ್ನೆರಡು ಜನರನ್ನು ಕೂರಿಸಿ ಕೈ ತೊಳೆದುಕೊಂಡಿದ್ದರು.

ಕಸಾಯಿ ಅಂಗಡಿಯ ವಾಟಿ ಗನ್ ಎದ್ದು ನಿಂತ. ಆಗ ಅವನು ಎಳೆಯ ಪ್ರಾಯದವನು, ಆಗಲೇ ದನಿ ದೊಡ್ಡದು. “ಹೆಕ್ಟರ್, ನಿಲ್ಸೋ ಯಂತ್ರಾನ. ಉಳಿದ ಮೂವರು ದೋಣಿ ತಪ್ಪಿಸ್ಕೊಂಡಿದಾರೆ. ಅವರಿಲ್ದೆ ಕೇಸು ನಡೆಸೋಕಾಗುತ್ತಾ?”

ಹೆಕ್ಟರ್ ನಿಲ್ಲಿಸಿದ. ವಾಟಿ ಮೂರು ಕುರ್ಚಿ ಎಳೆದು ತಂದು ಪರದೆಯ ಬದಿಗೆ ಹಾಕಿದ. ಒಂದರಲ್ಲಿ ತಾನು ಕೂತ. ನಡುವಿನದಕ್ಕೆ ಶಾಲೆಯ ಮಾಸ್ತರರನ್ನು ಕೂರಿಸಿದ. ಆಮೇಲೆ ನಮ್ಮ ಬೆಂಚಿನ ಕಡೆ ನೋಡಿ, “ಮೊವಾಟಮ್ಮ, ನೀವು ನಿಜವಾದ ಜ್ಯೂರೀಲಿ ಕೂತು ಬಂದೋರು. ಬನ್ನಿ ಈ ಕಡೆ,” ಅಂದ.

ಅವಳು ಕಾಲುಚೀಲವನ್ನು ನನ್ನ ಕೈಗಿಟ್ಟಳು. “ಇದನ್ನ ಹಿಡ್ಕೋ ಹುಡುಗಿ. ಸೂಜಿ ಜಾರಿಸ್ಬೇಡ. ಈಗ ಬಂದೆ.”

ಸಿನಿಮಾ ಮುಗಿಯುವವರೆಗೂ ಅವಳು ಬರಲಿಲ್ಲ. ನಾನು ಎರಡು ಕೈಯಲ್ಲೂ ಸೂಜಿ ಹಿಡಿದುಕೊಂಡು, ಚಪ್ಪಾಳೆ ತಟ್ಟಲಾಗದೆ ಕೂತಿದ್ದೆ.

ಸಿನಿಮಾದ ಪಂಚರು ಒಳಕೋಣೆಯಲ್ಲಿ ಕೈ ಎತ್ತುತ್ತಾರೆ. ತಪ್ಪಿತಸ್ಥ ಅನ್ನಲು ಏಳು ಕೈ, ಅಲ್ಲ ಅನ್ನಲು ಐದು. ಲಂಡನ್ನಿನವರಿಗೆ ಅಷ್ಟು ಸಾಕಾಯಿತು. ಆದರೆ ನಮ್ಮ ಕಟ್ಟಳೆಯಲ್ಲಿ ಒಬ್ಬನನ್ನು ತಪ್ಪಿತಸ್ಥ ಅನ್ನಬೇಕಾದರೆ ಎಂಟು ಕೈ ಬೇಕು. ಹೆಕ್ಟರ್ ಮತ್ತೆ ಯಂತ್ರ ನಿಲ್ಲಿಸಿದ.

“ನಿರ್ದೋಷಿ,” ಅಂದ ವಾಟಿ. ಎಲ್ಲರೂ ಕಾಲು ಬಡಿದರು.

“ನಿರ್ದೋಷಿ,” ಅಂದರು ಮಾಸ್ತರರು. ಮತ್ತೆ ಕಾಲು ಬಡಿದರು.

ಡೋಲಿನಾ ಸ್ವಲ್ಪ ಹೊತ್ತು ಪರದೆಯ ಕಡೆ ನೋಡಿದಳು, ಖಾಲಿಯಾಗಿದ್ದರೂ. “ತಪ್ಪಿತಸ್ಥ,” ಅಂದಳು.

ಎಂಟು ಕೈ ಆಯಿತು. ಹಿಂದಿನಿಂದ ಮುಂದಿನವರೆಗೆ ಎಲ್ಲರೂ ಅವಳನ್ನು ಕೂಗಿ ಹಾಸ್ಯ ಮಾಡಿದರು. ಹೆಕ್ಟರ್ ಕೊನೆಯ ಸುರುಳಿ ಹಾಕಿದ. ಅದರಲ್ಲಿ ರಾನಲ್ಡನಿಗೆ ಒಂದು ದಿನದ ಸೆರೆವಾಸ. ಸೆರೆಮನೆಯ ಕಾವಲುಗಾರ ಅವನ ದೊಡ್ಡಪ್ಪನ ಮಗ. ಇಬ್ಬರೂ ಬೀಗದ ಕೈ ಗೊಂಚಲು ಅಲ್ಲಾಡಿಸಿಕೊಂಡು ಕುಣಿಯುತ್ತಾರೆ. ಅಂಥ ಕುಣಿತ ನಾನು ಆಮೇಲೆ ಯಾವ ಸಿನಿಮಾದಲ್ಲೂ ನೋಡಲಿಲ್ಲ.

ಅಂದಿನಿಂದ ವರ್ಷಕ್ಕೊಂದು ಸಲ, ಚಳಿಗಾಲದ ಒಂದು ಶನಿವಾರ ಆ ಸಿನಿಮಾ ಬರುತ್ತಿತ್ತು, ಮೂರು ಕುರ್ಚಿ ಹಾಕುತ್ತಿದ್ದರು. ಮೊದಲನೆಯದರಲ್ಲಿ ವಾಟಿ. ನಡುವಿನದರಲ್ಲಿ ಆ ವರ್ಷ ಯಾರು ಸಿಕ್ಕಿದರೆ ಅವರು. ಮೂರನೆಯದು ಡೋಲಿನಾಳದು. ಹೆಕ್ಟರ್ ಒಂದು ನಿಯಮ ಮಾಡಿದ್ದ: ಮೂವರೂ ಸೇರಿ ರಾನಲ್ಡನನ್ನು ಬಿಟ್ಟುಬಿಟ್ಟರೆ ಕೊನೆಯ ಸುರುಳಿ ತೋರಿಸುವುದಿಲ್ಲ. “ಬಿಡುಗಡೆ ಆದೋನ್ನ ಜೈಲಲ್ಲಿ ತೋರ್ಸೋದು ಸುಳ್ಳಾಗುತ್ತೆ,” ಅನ್ನುತ್ತಿದ್ದ. ಆ ನಿಯಮದ ಅಗತ್ಯವೇ ಬೀಳಲಿಲ್ಲ. ಪ್ರತಿ ವರ್ಷ ಡೋಲಿನಾ ಅದೇ ಮಾತು ಹೇಳುತ್ತಿದ್ದಳು.

ಸಿನಿಮಾ ಮುಗಿದ ಮೇಲೆ ಬೆಂಚು ಬದಿಗೆ ಸರಿಸಿ ಚಹಾ, ಓಟ್ಸ್ ರೊಟ್ಟಿ, ಮೊಸರಿನ ಗಿಣ್ಣು. ಒಬ್ಬೊಬ್ಬರದ್ದು ಒಂದೊಂದು ಅಭಿಪ್ರಾಯ. ಮೀನುಗಾರರು ಪ್ರತಿ ವರ್ಷ ಹಸು ಈಜಿದ ದಿನದ ಉಬ್ಬರ ಇಳಿತದ ಬಗ್ಗೆ ಜಗಳವಾಡುತ್ತಿದ್ದರು. ನೀರು ಇಳಿಯುವ ಹೊತ್ತಿನಲ್ಲಿ ಹಸುವಲ್ಲ, ತಿಮಿಂಗಿಲವೂ ಆ ದಡ ಮುಟ್ಟುವುದಿಲ್ಲ ಅಂತ ಒಂದು ಪಕ್ಷ. ಹಸಿದ ಹಸುವಿಗೆ ಉಬ್ಬರ ಏನು ಲೆಕ್ಕ ಅಂತ ಇನ್ನೊಂದು ಪಕ್ಷ. ನ್ಯಾಯಾಧೀಶನ ಹುಬ್ಬೇ ಎಲ್ಲಕ್ಕಿಂತ ಚೆನ್ನ ಅಂತ ಪೋಸ್ಟಾಫೀಸಿನವಳು. ಹಸುವೇ ಎಲ್ಲರಿಗಿಂತ ಒಳ್ಳೆಯ ನಟಿ ಅಂತ ಪಾದ್ರಿಗಳು. ಹರೆಯದ ಹೆಂಗಸರಿಗೆ ರಾನಲ್ಡನ ಪಾತ್ರ ಮಾಡಿದ ಸಿರಿಲ್ ಹ್ಯಾಂಬಲ್ ಬಿಟ್ಟರೆ ಬೇರೆ ಯಾರೂ ಕಣ್ಣಿಗೆ ಬಿದ್ದಿರಲೇ ಇಲ್ಲ.

“ನಿಮ್ಮ ಅಭಿಪ್ರಾಯ ಏನು ಮೊವಾಟಮ್ಮ?” ಅಂತ ಯಾರಾದರೂ ಕೆಣಕಿದರೆ, “ಆ ಸಾಕ್ಷಿ ಹೇಳಿದ ಹೆಂಗಸು ಚೆನ್ನಾಗಿ ಹೇಳಿದ್ಲು,” ಅನ್ನುತ್ತಿದ್ದಳು. ವಿಧವೆಯ ವಿಷಯ. ಅವಳು ಪರದೆಯ ಮೇಲೆ ಇರುವುದು ಒಂದು ನಿಮಿಷ. ಯಾವುದು ನಿನ್ನ ಹಸು ಅಂತ ಕೇಳಿದರೆ ಗಾಬರಿಯಲ್ಲಿ ನ್ಯಾಯಾಧೀಶನ ಕಡೆ ಬೆರಳು ತೋರಿಸುತ್ತಾಳೆ. ಅವಳು ಚೆನ್ನಾಗಿ ಹೇಳಿದಳು ಅಂತ ಡೋಲಿನಾ ಬಿಟ್ಟು ಬೇರೆ ಯಾರೂ ಅಂದದ್ದು ನಾನು ಕೇಳಲಿಲ್ಲ.

ಡೋಲಿನಾ ಹುಟ್ಟಿದ್ದು ನಮ್ಮ ಬಂದರಿನ ಮೇಲಿನ ಸಾಲು ಮನೆಯಲ್ಲಿ. ಹರೆಯದಲ್ಲಿ ಹೆರಿಂಗ್ ಮೀನಿನ ದೋಣಿಗಳ ಹಿಂದೆ ಊರಿಂದೂರಿಗೆ ಹೋಗಿ ಮೀನು ಸೀಳುತ್ತಿದ್ದವಳು. ಬೆರಳಿಗೆಲ್ಲ ಬಟ್ಟೆಯ ಚೂರು ಸುತ್ತಿಕೊಂಡರೂ ಚಾಕು, ಉಪ್ಪು ಎರಡೂ ಒಳಗೆ ಇಳಿಯುತ್ತಿದ್ದವಂತೆ. ಆ ಗೀರುಗಳು ಕಡೆಯವರೆಗೂ ಇದ್ದವು. ಗಂಡ ಸರಕು ಹಡಗಿನಲ್ಲಿ ಅಡಿಗೆಯವನು. ವರ್ಷಕ್ಕೆ ಎರಡು ಸಲ ಬರುತ್ತಿದ್ದ, ಒಂದು ವರ್ಷ ಬರಲಿಲ್ಲ. ಯಾವುದೋ ದೂರದ ಬಂದರಿನಲ್ಲಿ ಜ್ವರ ಬಂದು ಹೋಗಿಬಿಟ್ಟಿದ್ದ. ಆಮೇಲೆ ಅವಳು ಹೋಟೆಲಿನ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿ ಬದುಕಿದಳು. ಅವಳು ಮಡಿಸಿದ ಬಟ್ಟೆಯ ಅಂಚು ಒಂದು ಎಳೆ ಆಚೀಚೆ ಇರುತ್ತಿರಲಿಲ್ಲ.

ಅವಳ ಮುಂದೆ ಚಾಡಿ ಹೇಳಲು ಊರಿಗೆ ಹೆದರಿಕೆ. ಒಂದು ಸಲ ಪೋಸ್ಟಾಫೀಸಿನವಳು ಬಂದು, ಡೇರೆ ಹಾಕಿಕೊಂಡಿದ್ದ ಅಲೆಮಾರಿಗಳು ಹೋಟೆಲಿನ ಹಿಂದಿನಿಂದ ಕೋಳಿ ಹೊತ್ತುಕೊಂಡು ಹೋದರು ಅಂದಳು.

“ನೀನು ನೋಡ್ದಾ?” ಕೇಳಿದಳು ಡೋಲಿನಾ.

“ನಾನೇನು ನೋಡ್ಲಿಲ್ಲಪ್ಪ. ಎಲ್ಲಾರೂ ಹೇಳ್ತಿದಾರೆ.”

“ಎಲ್ಲಾರಲ್ಲಿ ನೋಡಿದೋರು ಯಾರು?”

“ನಿಮ್ಮ ಹತ್ರ ಮಾತಾಡೋದೂ ಒಂದೇ, ಕೋರ್ಟಿಗೆ ಹೋಗೋದೂ ಒಂದೇ,” ಅಂತ ಅವಳು ಸಿಟ್ಟಿನಲ್ಲಿ ಹೋದಳು. ಕೋಳಿ ಆಮೇಲೆ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಇಂಥವಳು ಒಬ್ಬ ನಗಿಸುವ ಪೋಲಿಯನ್ನು, ಅದೂ ಸಿನಿಮಾದವನನ್ನು, ವರ್ಷ ವರ್ಷವೂ ಏಕೆ ಹಿಡಿದು ಸೆರೆಮನೆಗೆ ಹಾಕುತ್ತಾಳೆ? ನನಗೆ ಅದೇ ಒಂದು ಕುತೂಹಲವಾಗಿ ಉಳಿಯಿತು. ಊರಿನವರ ಬಳಿ ಕಾರಣಗಳಿಗೆ ಬರವಿರಲಿಲ್ಲ. ಹರೆಯದಲ್ಲಿ ಇಂಥವನೇ ಒಬ್ಬ ಅವಳಿಗೆ ಕೈ ಕೊಟ್ಟಿದ್ದನಂತೆ. ಇಲ್ಲ, ಅವಳಿಗೆ ನಗುವೇ ಬರುವುದಿಲ್ಲವಂತೆ. ಇಲ್ಲ, ಬರೀ ಹಟವಂತೆ. ಹೆಕ್ಟರ್, “ಸುರುಳಿ ಪೂರ್ತಿ ಓಡ್ಲಿ ಅಂತ ನನ್ಮೇಲೆ ದಯೆ ಕಣೆ,” ಅನ್ನುತ್ತಿದ್ದ.

ನಾನು ಅವಳೊಡನೆ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ, ಒದ್ದೆ ಹಾಸುಬಟ್ಟೆಯ ಎರಡು ತುದಿ ಇಬ್ಬರೂ ಹಿಡಿದು ಹಿಂಡುವಾಗ ಕೇಳಿಯೇಬಿಟ್ಟೆ.

“ಡೋಲಿನಾ, ಒಂದೇ ಒಂದು ವರ್ಷ ಅವನನ್ನ ಬಿಟ್ಟುಬಿಟ್ರೆ ಏನಾಗುತ್ತೆ?”

“ಏನೂ ಆಗಲ್ಲ.”

“ಮತ್ತೆ?”

ಅವಳು ಬಟ್ಟೆ ಇನ್ನೊಂದು ಸುತ್ತು ತಿರುವಿ, ನನ್ನ ಹೆಸರು ಹಿಡಿದು ಹೇಳಿದಳು. “ಪ್ರತಿ ವರ್ಷ ಅವನನ್ನ ಬಿಡೋಣ ಅಂತಾನೇ ಹೋಗಿ ಕೂತ್ಕೋತೀನಿ ಇಸ್ಸೀ. ಹೋದ ಸಲ ನಾನು ಏನಾದ್ರೂ ಬಿಟ್ಟಿರ್ಬೋದು, ಈ ಸಲ ಅವನ ಪರವಾಗಿ ಒಂದು ಮಾತು ಸಿಗ್ಬೋದು ಅಂತ ಕಣ್ಣಲ್ಲಿ ಕಣ್ಣಿಟ್ಟು ನೋಡ್ತೀನಿ. ಸಿಗಲ್ಲ. ಈ ಸಲಾನೂ ಅವನೇ ತಗೊಂಡಿರ್ತಾನೆ.”

“ಸಿನಿಮಾ ಬದಲಾಗುತ್ತಾ ಮಾರಾಯ್ತಿ?”

“ನೋಡೋಳು ಬದಲಾಗ್ತಾಳಲ್ಲ.”

ನಾನು ನಕ್ಕೆ. ಅವಳು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಆ ಧೈರ್ಯದ ಮೇಲೆ ಇನ್ನೊಂದು ಕೇಳಿದೆ. ಜಿಲ್ಲೆಯ ಕೋರ್ಟಿನಲ್ಲಿ ಅವಳು ನಿಜವಾದ ಜ್ಯೂರಿಯಲ್ಲಿ ಕೂತಿದ್ದಳಲ್ಲ, ಆ ಕೇಸು ಏನಾಯಿತು ಅಂತ.

“ಅದನ್ನ ಹೇಳೋ ಹಾಗಿಲ್ಲ. ಒಳಕೋಣೆ ಮಾತು ಒಳಕೋಣೇಲೇ ಇರ್ಬೇಕು ಅಂತ ಕಟ್ಟಳೆ.”

“ನಂಗೂ ಹೇಳ್ಬಾರ್ದಾ?”

“ನನ್ನ ಗಂಡ ಮೊವಾಟಿಗೇ ಹೇಳ್ಲಿಲ್ಲ.” ಬಟ್ಟೆಯನ್ನು ಬುಟ್ಟಿಗೆ ಹಾಕಿದಳು. ಬಹಳ ಹೊತ್ತಾದ ಮೇಲೆ, ನಾನು ಕೇಳದೆಯೇ, “ಅಲ್ಲಿ ನಾವು ತುಂಬಾ ನಕ್ವಿ,” ಅಂದಳು. ಯಾರ ಮೇಲೆ, ಏತಕ್ಕೆ, ಹೇಳಲಿಲ್ಲ. ನಾನು ಮತ್ತೆ ಕೇಳಲಿಲ್ಲ.

ಸಿನಿಮಾ ಬಂದು ಇಪ್ಪತ್ತೈದು ವರ್ಷವಾದಾಗ ವಾಟಿ ಗನ್ ಸಭಾಮಂದಿರದ ಮುಖ್ಯಸ್ಥನಾಗಿದ್ದ. ಸಿರಿಲ್ ಹ್ಯಾಂಬಲ್‌ಗೆ ಪತ್ರ ಹಾಕಿದನಂತೆ; ಆ ನಟ ಬರುತ್ತೇನೆ ಅಂದುಬಿಟ್ಟ. ಆರೋಗ್ಯ ಕೆಟ್ಟಿದೆ, ಆದರೂ ಬರುತ್ತೇನೆ ಅಂತ. ಪತ್ರಿಕೆಯವರು ಬರುವವರಿದ್ದರು. ವಾಟಿ ಅಂಗಡಿಯ ಏಪ್ರನ್ ಬಿಚ್ಚದೆಯೇ ನಮ್ಮ ಒಗೆಯುವ ಮನೆಗೆ ಬಂದ.

“ಮೊವಾಟಮ್ಮ, ಈ ವರ್ಷ ಒಂದು ಉಪಕಾರ.”

“ಏನು?”

“ಆ ಮನುಷ್ಯ ಸಾಯೋ ಮುಂಚೆ ಒಂದ್ಸಲ ಬರ್ತಿದಾನೆ. ಅಷ್ಟು ದೂರದಿಂದ ಬಂದೋನಿಗೆ ಮತ್ತೆ ಜೈಲು ಕೊಟ್ಟು ಕಳಿಸ್ತೀರಾ? ನಿರ್ದೋಷಿ ಅನ್ನೋಕೆ ನಾಲಗೆ ತಿರುಗಲ್ಲ ಅಂದ್ರೆ ರುಜುವಾತಾಗಿಲ್ಲ ಅನ್ನಿ. ಆ ಮಾತೂ ನಮ್ಮ ಕಟ್ಟಳೇಲಿ ಇದೆಯಲ್ಲ, ಅದಕ್ಕೂ ಬಿಡುಗಡೇನೆ.”

“ಕೇಸು ಕೇಳಿ ನೋಡಿ ಹೇಳ್ತೀನಿ.”

“ಕೇಳೋದೇನಿದೆ? ಇಪ್ಪತ್ತೈದು ವರ್ಷದಿಂದ ಕೇಳಿದೀರಿ.” ಅವನ ದನಿ ಸ್ವಲ್ಪ ಗಟ್ಟಿಯಾಯಿತು. “ನೋಡಿ, ಆಗಲ್ಲ ಅಂದ್ರೆ ಕುರ್ಚಿ ಬೇರೆಯೋರಿಗೆ ಕೊಡ್ಬೇಕಾಗುತ್ತೆ. ಈ ವರ್ಷ ಅಲ್ದಿದ್ರೆ ಮುಂದಿನ ವರ್ಷದಿಂದ.”

“ಕುರ್ಚಿ ಸಭಾಮಂದಿರದ್ದು ವಾಟಿ. ನಂದಲ್ಲ,” ಅಂದಳು ಡೋಲಿನಾ, ಇಸ್ತ್ರಿ ಪೆಟ್ಟಿಗೆ ಎತ್ತದೆ. ಅವನು ಹೋದ ಮೇಲೆ ನೋಡಿದರೆ ಪೆಟ್ಟಿಗೆಯ ಕೆಳಗಿದ್ದ ದಿಂಬಿನ ಚೀಲ ಸುಟ್ಟಿತ್ತು. ಅವಳ ಕೈಯಲ್ಲಿ ಬಟ್ಟೆ ಸುಟ್ಟದ್ದು ನಾನು ಕಂಡದ್ದು ಅದೊಂದೇ. ಆ ಕುರ್ಚಿ ಅವಳಿಗೆ ಏನಾಗಿತ್ತೆಂದು ನನಗೆ ಅರ್ಥವಾದದ್ದು ಅಂದು.

ಸಿರಿಲ್ ಹ್ಯಾಂಬಲ್ ಬಂದ. ಪರದೆಯ ಮೇಲಿನ ಕುದುರೆಯಂಥ ಹುಡುಗ ಎಲ್ಲಿ, ಕಾಯಿಲೆಗೆ ಸಿಕ್ಕಿ ಕೋಟಿನೊಳಗೆ ಕರಗಿಹೋಗಿದ್ದ ಈ ಮುದುಕ ಎಲ್ಲಿ. ಕಣ್ಣು ಮಾತ್ರ ಅದೇ. ಮುಂದಿನ ಸಾಲಿನಲ್ಲಿ ಕೂರಿಸಿ ಮೊಣಕಾಲಿಗೆ ಕಂಬಳಿ ಹೊದಿಸಿದರು. ಸಿನಿಮಾ ಓಡಿತು. ಪಂಚರು ಕೈ ಎತ್ತಿದರು. ಹೆಕ್ಟರ್ ಯಂತ್ರ ನಿಲ್ಲಿಸಿ ದೀಪ ಹಾಕಿದ.

ವಾಟಿ ನಿರ್ದೋಷಿ ಅಂದ. ನಡುವಿನ ಕುರ್ಚಿಯವರೂ ನಿರ್ದೋಷಿ ಅಂದರು. ಎಲ್ಲರ ಕಣ್ಣೂ ಡೋಲಿನಾಳ ಮೇಲೆ. ಅವಳು ವಾಟಿಯ ಕಡೆ ನೋಡದೆ ಮುಂದಿನ ಸಾಲಿನ ಕಡೆ ತಿರುಗಿದಳು.

“ಒಂದು ಮಾತು ಕೇಳ್ಬೋದಾ ಸ್ವಾಮೀ?”

“ಕೇಳಿ ಅಮ್ಮ.”

“ನಿಮ್ಮ ಪರವಾಗಿ ಹೇಳ್ಬೇಕಾದ್ದು ಏನಾದ್ರೂ ಉಳ್ಕೊಂಡಿದ್ಯಾ? ಇದರಲ್ಲಿ ತೋರಿಸದೇ ಇರೋದು?”

ಜನ ನಕ್ಕರು. ಅವನು ನಗಲಿಲ್ಲ. ಕಂಬಳಿ ಸರಿಸಿ ಮುಂದಕ್ಕೆ ಬಾಗಿದ.

“ಇದೆ,” ಅಂದ. “ಇಷ್ಟು ವರ್ಷ ಯಾರೂ ಕೇಳಿರ್ಲಿಲ್ಲ. ಒಂದು ದೃಶ್ಯ ತೆಗೆದಿದ್ರು. ನಗು ಬರಲ್ಲ ಅಂತ ಕತ್ತರಿಸಿ ಹಾಕಿದ್ರು. ಬೆಳಕು ಹರಿಯೋ ಹೊತ್ತಲ್ಲಿ ನಾನು ದೋಣಿ ಹುಟ್ಟು ಹಾಕ್ಕೊಂಡು ಈಚೆ ದಡಕ್ಕೆ ಬರ್ತೀನಿ. ಆ ವಿಧವೆ ಬಾಗಿಲಲ್ಲಿ ಒಂದು ಕ್ಯಾನು ಹಾಲು ಇಟ್ಟು ಹೋಗ್ತೀನಿ. ರಾನಲ್ಡ್ ದಿನಾ ಹಾಗೆ ಮಾಡ್ತಿದ್ದ ಅಂತ. ಆ ದೃಶ್ಯ ನಂಗೆ ಬಹಳ ಇಷ್ಟವಾಗಿತ್ತು.”

ಸಭಾಮಂದಿರದಲ್ಲಿ ಅಯ್ಯೋ ಪಾಪ ಎಂಬ ಉಸಿರು ಎದ್ದಿತು. ಪೋಸ್ಟಾಫೀಸಿನವಳು ಕಣ್ಣೊರೆಸಿಕೊಂಡಳು. ವಾಟಿಯ ಮುಖ ಅರಳಿತು. ಮುದುಕನೇ ದಾರಿ ಮಾಡಿಕೊಟ್ಟ ಅಂದುಕೊಂಡ.

“ಅದೇ ಹಸುವಿನ ಹಾಲಾ?” ಕೇಳಿದಳು ಡೋಲಿನಾ.

“ಅದೇ ಹಸುವಿನದ್ದು. ನೊರೆ ಇನ್ನೂ ಇಳಿದಿರ್ಲಿಲ್ಲ.”

ಅವಳು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ತುಟಿ ಅಲ್ಲಾಡುತ್ತಿತ್ತು. ಬಿಟ್ಟುಬಿಡು ಡೋಲಿನಾ, ನಿನ್ನ ಕುರ್ಚಿ ನಿನಗೆ ಉಳಿಯುತ್ತದೆ ಅಂತ ನಾನು ಮನಸ್ಸಿನಲ್ಲೇ ಅನ್ನುತ್ತಿದ್ದೆ.

“ಸ್ವಾಮೀ, ಹಸು ಯಾರದ್ದು ಅಂತ ಗೊತ್ತೇ ಇಲ್ಲ ಅಂತ ನೀವು ಪ್ರಮಾಣ ಮಾಡಿದ್ರಿ.”

“ಮಾಡಿದ್ದೆ.”

“ಗೊತ್ತಿಲ್ದಿದ್ರೆ ಹಾಲು ತಗೊಂಡ್ಹೋಗಿ ಅವಳ ಬಾಗಿಲಲ್ಲೇ ಹೇಗೆ ಇಟ್ರಿ?”

ಮೊದಲು ನಕ್ಕಿದ್ದು ಸಿರಿಲ್ ಹ್ಯಾಂಬಲ್. ಕೆಮ್ಮು ಬಂದು, ಪಕ್ಕದವರು ಬೆನ್ನು ತಟ್ಟಬೇಕಾಯಿತು, ಆದರೂ ನಗು ನಿಲ್ಲಲಿಲ್ಲ. ಆಮೇಲೆ ಊರಿಗೆ ಊರೇ ನಕ್ಕಿತು, ವಾಟಿ ಒಬ್ಬನನ್ನು ಬಿಟ್ಟು.

“ತಪ್ಪಿತಸ್ಥ,” ಅಂದಳು ಡೋಲಿನಾ. ನಗು ಇಳಿಯುವವರೆಗೆ ಕಾದು, “ಆದ್ರೆ ದಯೆ ತೋರಿಸ್ಬೇಕು ಅಂತ ಜ್ಯೂರಿ ಶಿಫಾರಸು ಮಾಡುತ್ತೆ. ಹಾಲಿನ ಸಲುವಾಗಿ,” ಅಂತ ಸೇರಿಸಿದಳು. ಹಾಗೆ ಸೇರಿಸುವ ಹಕ್ಕು ಪಂಚರಿಗಿದೆ. ಅವಳು ಅದನ್ನು ಬಳಸಿದ್ದು ಅದೇ ಮೊದಲು.

ಹೆಕ್ಟರ್ ಕೊನೆಯ ಸುರುಳಿ ಹಾಕಿದ. ತನ್ನ ಹರೆಯದ ಕುಣಿತವನ್ನು ಆ ಮುದುಕ ಕಂಬಳಿಯ ಕೆಳಗೆ ಪಾದ ಅಲ್ಲಾಡಿಸುತ್ತ ನೋಡಿದ. ಹೊರಡುವಾಗ ಡೋಲಿನಾಳ ಕೈ ಹಿಡಿದು, “ಆ ಪಾತ್ರ ಮಾಡೋವಾಗ ನಂಗೂ ಇದೇ ಅನುಮಾನ ಇತ್ತು,” ಅಂದ.

ವಾಟಿ ಆಡಿದ ಮಾತು ಬಿಡುವವನಲ್ಲ. ಮುಂದಿನ ವರ್ಷ ಮೂರು ಕುರ್ಚಿಗೂ ಚೀಟಿ ಎತ್ತುವುದೆಂದು ಗೊತ್ತು ಮಾಡಿದ. ಇಷ್ಟವಿದ್ದವರು ಚೀಟಿಯಲ್ಲಿ ಹೆಸರು ಹಾಕಿ ಅವನ ಟೋಪಿಯೊಳಗೆ ಬಿಡಬೇಕು. ಡೋಲಿನಾಳೂ ಬಿಟ್ಟಳು. ಅವಳ ಹೆಸರು ಬರಲಿಲ್ಲ. ಬಂದ ಮೂವರೂ ನಿರ್ದೋಷಿ ಅಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ರಾನಲ್ಡ್ ಬಿಡುಗಡೆಯಾದ. ಹೆಕ್ಟರ್ ತನ್ನ ನಿಯಮದಂತೆ ಯಂತ್ರಕ್ಕೆ ಬಟ್ಟೆ ಮುಚ್ಚಿದ.

“ಕುಣಿತ ಎಲ್ಲೋ?” ಅಂತ ಕೇಳಿದರು.

“ಬಿಟ್ಟೋರು ನೀವೇ ಅಲ್ವಾ. ಅವನು ಮನೆಗೆ ಹೋದ,” ಅಂದ ಹೆಕ್ಟರ್.

ಚಹಾದ ನೀರು ಇನ್ನೂ ಕುದಿದಿರಲಿಲ್ಲ. ಎಲ್ಲರೂ ಖಾಲಿ ಲೋಟ ಹಿಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಹಸು ಈಜಿದ ಜಗಳ ಕೂಡ ಅಂದು ಹತ್ತಿಕೊಳ್ಳಲಿಲ್ಲ.

ಅದರ ಮುಂದಿನ ವರ್ಷ ಚೀಟಿಯಲ್ಲಿ ಬಂದ ಒಬ್ಬ ದೋಣಿಯವನು ಎದ್ದು ನಿಂತು, “ತಪ್ಪಿತಸ್ಥ, ಕುಣಿತ ಹಾಕೋ ಹೆಕ್ಟರ್,” ಅಂದ. ಎಲ್ಲರಿಗೂ ಸಂತೋಷವಾಯಿತು. ನನ್ನ ಪಕ್ಕದಲ್ಲಿ ಡೋಲಿನಾ ನೆಟ್ಟಗೆ ಕೂತಿದ್ದಳು. ಮನೆಗೆ ನಡೆಯುವಾಗ ಹೇಳಿದಳು:

“ಬಿಟ್ರೆ ಬಿಡ್ಲಿ ಇಸ್ಸೀ, ನಂಗೆ ಬೇಜಾರಿಲ್ಲ. ಕುಣಿತ ನೋಡ್ಬೇಕು ಅಂತ ಒಬ್ಬನ್ನ ಒಳಗೆ ಹಾಕೋದಾ?”

“ಸಿನಿಮಾ ಕಣೇ ಅದು.”

“ಗೊತ್ತು ನಂಗೆ.”

ಅಂದಿನಿಂದ ಹಾಗೇ ಆಯಿತು. ಕುಣಿತ ಬೇಕಾದ ವರ್ಷ ತಪ್ಪಿತಸ್ಥ. ಚಳಿ ಹೆಚ್ಚಾಗಿ ಬೇಗ ಮನೆ ಸೇರಬೇಕಾದ ವರ್ಷ ನಿರ್ದೋಷಿ. ಡೋಲಿನಾ ಪ್ರತಿ ವರ್ಷ ಟೋಪಿಗೆ ಹೆಸರು ಹಾಕಿದಳು. ಒಂದು ವರ್ಷವೂ ಬರಲಿಲ್ಲ. ವಾಟಿ ಮೋಸ ಮಾಡಿದ ಅಂತ ಕೆಲವರು ಅಂದರು. “ನೀವು ನೋಡಿದ್ರಾ?” ಅಂತ ಅವರ ಬಾಯಿ ಮುಚ್ಚಿಸಿದವಳೂ ಅವಳೇ.

ನನ್ನ ಹೆಸರನ್ನು ನಾನು ಎಂದೂ ಹಾಕಲಿಲ್ಲ. ಹೆಕ್ಟರ್ ಇದ್ದಷ್ಟು ದಿನ, ಯಂತ್ರದವನ ಹೆಂಡತಿ ಜ್ಯೂರಿಯಲ್ಲಿ ಕೂತರೆ ಚೆನ್ನಲ್ಲ ಅಂತ ಒಂದು ನೆವ ಇತ್ತು. ಅವನು ಹೋದ ಮೇಲೆ ಆ ನೆವವೂ ಹೋಯಿತು. ನಾಲ್ಕು ಜನರ ಮುಂದೆ ಎದ್ದು ಮಾತಾಡಿದವಳಲ್ಲ ನಾನು.

ಡೋಲಿನಾಗೆ ಕೊನೆಗೆ ಕಾಲು ಬಿದ್ದುಹೋಗಿ, ಜಿಲ್ಲೆಯ ಊರಿನ ಆಸ್ಪತ್ರೆಗೆ ಒಯ್ದರು. ಗುರುವಾರದ ಬಸ್ಸಿಗೆ ಹೋಗಿ ನೋಡಿ ಬರುತ್ತಿದ್ದೆ. ಆ ವರ್ಷದ ಶನಿವಾರ ಹತ್ತಿರವಾಗಿತ್ತು. ಅವಳ ದನಿ ಸಣ್ಣಗಾಗಿತ್ತು, ಕಿವಿ ಹತ್ತಿರ ತಂದರೆ ಮಾತ್ರ ಕೇಳುತ್ತಿತ್ತು. ಊರಿನ ಸುದ್ದಿಯೆಲ್ಲ ಹೇಳಿದೆ. ಬಸ್ಸಿನ ಹೊತ್ತಾಯಿತು ಅಂತ ಕೋಟು ಹಾಕಿಕೊಂಡೆ. ಅವಳು ನನ್ನ ತೋಳು ಹಿಡಿದಳು.

“ಇಸ್ಸೀ, ಈ ಸಲ ಟೋಪಿಗೆ ನಿನ್ನ ಹೆಸರು ಹಾಕಿದ್ಯಾ?”